ಪಾವಿನ ಭಟ್ಟಿಗೆ ಆರು ತಿಂಗಳು, ಕಾರಿಗೆ ಒಂದು ಸಮಿತಿ

ಬೃಹನ್ಮುಂಬಯಿ ಮಹಾನಗರಪಾಲಿಕೆಯ ಮಾನ್ಯ ಆಯುಕ್ತರಿಗೆ,

ನಮಸ್ಕಾರಗಳು.

ಈ ಪತ್ರವನ್ನು ಮರಾಠಿಯಲ್ಲೇ ಬರೆಯಬಹುದಿತ್ತು. ಮರಾಠಿಗೆ ತಿರುಗಿಸಿದ ಪ್ರತಿಯೊಂದನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಆದರೂ ಮೊದಲು ಕನ್ನಡದಲ್ಲಿ ಬರೆದದ್ದು ಏಕೆಂದರೆ, ಇದರಲ್ಲಿ ಅರ್ಧ ಮಾತು ನಿಮಗೆ, ಉಳಿದರ್ಧ ಈ ಊರಿನಲ್ಲಿ ಮೂರು ತಲೆಮಾರಿನಿಂದ ಹೊಟೇಲು ನಡೆಸಿಕೊಂಡು ಬಂದ ನಮ್ಮವರಿಗೆ. ಅಲ್ಲದೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಪಾಲಿಕೆ ನಿಮ್ಮದು. ಕನ್ನಡವೂ ಆ ಎಂಟರಲ್ಲಿ ಒಂದು. ನಾನು ಓದಿದ್ದು ಅಂಥದೇ ಒಂದು ಶಾಲೆಯಲ್ಲಿ. ಹಾಗಾಗಿ ಕನ್ನಡದಲ್ಲಿ ನಿಮ್ಮೊಡನೆ ಮಾತನಾಡುವ ಸಲುಗೆ ನನಗಿದೆ ಎಂದುಕೊಂಡಿದ್ದೇನೆ.

ವಿಷಯ ಪಾವಿನದು, ಎಂದರೆ ಈ ಊರು ದಿನವೂ ತಿನ್ನುವ ಬ್ರೆಡ್ಡಿನದು ಮತ್ತು ಅದು ಬೇಯುವ ಭಟ್ಟಿ ಎಂಬ ಒಲೆಯದು. ಮುಂಬಯಿಯ ಗಾಳಿ ಕೆಟ್ಟದ್ದನ್ನು ಕಂಡು ಬಾಂಬೆ ಹೈಕೋರ್ಟು 2023ರ ಅಕ್ಟೋಬರಿನಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2025ರ ಜನವರಿ 9ರಂದು, ಕಟ್ಟಿಗೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳೂ ಹೊಟೇಲುಗಳೂ ಆರು ತಿಂಗಳೊಳಗೆ ಅನಿಲಕ್ಕೋ ಬೇರೆ ಹಸಿರು ಇಂಧನಕ್ಕೋ ಬದಲಾಗಬೇಕು ಎಂದು ಆದೇಶವಾಯಿತು. ಹೊಸದಾಗಿ ಕಟ್ಟಿಗೆಯ ಭಟ್ಟಿಗೆ ಪರವಾನಗಿ ಇಲ್ಲ ಎಂದೂ ಆಯಿತು. ನಿಮ್ಮ ಪಾಲಿಕೆಯಿಂದ ನೋಟಿಸುಗಳು ಹೊರಟವು. ಆ ಆರು ತಿಂಗಳು ಅದೇ ವರ್ಷದ ಜುಲೈಯಲ್ಲಿ ಮುಗಿದವು.

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಗೆಯ ವಕೀಲನಲ್ಲ. ಕುರ್ಲಾದಲ್ಲಿ ನನ್ನ ಮನೆಯ ಹಿಂದಿನ ಓಣಿಯಲ್ಲಿಯೇ ಒಂದು ಬೇಕರಿಯಿದೆ. ಚಳಿಗಾಲದಲ್ಲಿ ಬೆಳಗಿನ ನಾಲ್ಕಕ್ಕೆ ಅದರ ಹೊಗೆ ನೇರವಾಗಿ ನಮ್ಮ ಅಡುಗೆಮನೆಗೆ ಬರುತ್ತದೆ. ಅಲ್ಲಿ ಉರಿಯುವುದು ಕಾಡಿನ ಒಣ ಸೌದೆಯೂ ಅಲ್ಲ. ಕೆಡವಿದ ಮನೆಗಳ ಬಾಗಿಲು, ಮುರಿದ ಮಂಚ, ಬಣ್ಣ ಮೆತ್ತಿದ ಹಲಗೆ, ಅಂಟು ಹಾಕಿ ಒತ್ತಿದ ಪ್ಲೈವುಡ್. ಅಗ್ಗ ಎನ್ನುವ ಒಂದೇ ಕಾರಣಕ್ಕೆ ಅದು ಭಟ್ಟಿಯ ಬಾಯಿಗೆ ಹೋಗುತ್ತದೆ. ಅದರ ವಿಷ ಮೊದಲು ಹೋಗುವುದು ಭಟ್ಟಿಯ ಮುಂದೆ ನಿಂತು ಪಾವು ಬೇಯಿಸುವ ಕಾರೀಗರನ ಎದೆಗೆ. ನನ್ನ ಅಡುಗೆಮನೆಯ ಸರದಿ ಆಮೇಲೆ. ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಎಂಬ ಪರಿಸರ ಸಂಸ್ಥೆ ಇನ್ನೂರು ಬೇಕರಿಗಳನ್ನು ಸಮೀಕ್ಷೆ ಮಾಡಿದಾಗ ಸುಮಾರು ಅರ್ಧದಷ್ಟು ಕಟ್ಟಿಗೆಯ ಮೇಲೆಯೇ ನಡೆಯುತ್ತಿದ್ದವು. ಆದ್ದರಿಂದ ಭಟ್ಟಿ ಬದಲಾಗಲೇಬೇಕು, ಇದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಬದಲಾವಣೆಯ ಖರ್ಚನ್ನು ಯಾರ ಲೆಕ್ಕಕ್ಕೆ ಬರೆದಿರಿ ಎನ್ನುವುದರಲ್ಲಿದೆ.

ಅದೇ ಜನವರಿ 9ರ ಆದೇಶದಲ್ಲಿ ಇನ್ನೊಂದು ಮಾತಿತ್ತು. ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳನ್ನು ಹಂತ ಹಂತವಾಗಿ ಕೈಬಿಡಲು ಸಾಧ್ಯವೇ ಎಂದು ತಜ್ಞರು ಪರಿಶೀಲಿಸಲಿ ಎಂಬ ಮಾತು. ಅದರಂತೆ ರಾಜ್ಯ ಸರ್ಕಾರ ಅದೇ ತಿಂಗಳು ಏಳು ಜನರ ಸಮಿತಿಯೊಂದನ್ನು ನೇಮಿಸಿತು. ನೋಡಿ, ಒಂದೇ ಗಾಳಿ, ಒಂದೇ ಆದೇಶ. ಕಾರಿಗೆ ಸಿಕ್ಕಿದ್ದು ಸಮಿತಿ, ಪಾವಿಗೆ ಸಿಕ್ಕಿದ್ದು ಗಡುವು. ಕಾರು ಇಟ್ಟವನನ್ನು ಕೇಳದೆ ಏನೂ ಮಾಡಲಾಗದು ಎಂದು ನಮ್ಮ ವ್ಯವಸ್ಥೆಗೆ ಗೊತ್ತು. ಭಟ್ಟಿಯ ಮುಂದೆ ನಿಂತವನನ್ನು ಕೇಳಬೇಕು ಎಂದು ಹೊಳೆಯುವುದೂ ಇಲ್ಲ. ಇದರಲ್ಲಿ ನ್ಯಾಯಾಲಯದ ತಪ್ಪನ್ನು ಹುಡುಕುತ್ತಿಲ್ಲ. ಗಾಳಿ ಕೆಟ್ಟಿದೆ ಎಂದು ನ್ಯಾಯಾಲಯ ಹೇಳಬಹುದು, ಅನಿಲದ ಕೊಳವೆ ಎಳೆಯುವುದು ಮತ್ತು ಹಣ ಹೊಂದಿಸುವುದು ಆಡಳಿತದ ಕೆಲಸ.

ಈಗ ನನ್ನ ಅಪ್ಪನ ಕಥೆಯನ್ನು ಸ್ವಲ್ಪ ಹೇಳಬೇಕು. ಪಾವಿಗೂ ಅವನಿಗೂ ಸಂಬಂಧವಿಲ್ಲ ಎನ್ನಿಸಬಹುದು, ಇದೆ.

ಅಪ್ಪ 1969ರಲ್ಲಿ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದ. ಹದಿನಾರರ ಮಾಣಿ. ಎಲ್ಲರಂತೆ ಲೋಟ ತೊಳೆಯುವುದರಿಂದ ಶುರು ಮಾಡಿ, ತೋಳು ಗಟ್ಟಿಯಿದ್ದುದರಿಂದ ಎರಡು ವರ್ಷದಲ್ಲಿ ರುಬ್ಬುವ ಕಲ್ಲಿಗೆ ಬಂದ. ಪರೇಲಿನಲ್ಲಿ ಒಂದು ಉಡುಪಿ ಹೊಟೇಲು. ಸುತ್ತ ಬಟ್ಟೆಯ ಗಿರಣಿಗಳು. ಅವುಗಳ ಭೋಂಗಾ (ಸೈರನ್) ಕೂಗಿದರೆ ಪಾಳಿ ಬಿಟ್ಟ ಗಿರಣಿಯವರು ನುಗ್ಗುವರು. ಅವರು ಬರುವ ಹೊತ್ತಿಗೆ ಹಿಟ್ಟು ಉಬ್ಬಿರಬೇಕು, ಚಟ್ನಿ ಆಗಿರಬೇಕು. ಮೂವರು ರುಬ್ಬುವವರಿದ್ದರು. ರಾತ್ರಿ ಹತ್ತಕ್ಕೆ ಕಲ್ಲಿನ ಮುಂದೆ ಕೂತರೆ ಎದ್ದೇಳುವಾಗ ಮೂರು ಗಂಟೆ. ಅದಕ್ಕೂ ಮೊದಲು ಏಳರಿಂದ ಒಂಬತ್ತರವರೆಗೆ ಕನ್ನಡ ರಾತ್ರಿಶಾಲೆ. ಈ ಊರಿನ ರಾತ್ರಿಶಾಲೆಗಳ ಬೆಂಚುಗಳ ಮೇಲೆ ನಿದ್ದೆ ಮಾಡಿಯೇ ಹತ್ತನೆಯ ತರಗತಿ ಪಾಸಾದ ಪೀಳಿಗೆ ಅದು. ಅಪ್ಪ ಪಾಸಾಗಲಿಲ್ಲ, ನಿದ್ದೆ ಮಾತ್ರ ಮಾಡಿದ.

1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಆ ಮುಷ್ಕರ ಮುಗಿಯಿತು ಎಂದು ಯಾರೂ ವಿಧಿವತ್ತಾಗಿ ಘೋಷಿಸಿದ್ದಿಲ್ಲ, ಗಿರಣಿಗಳೇ ಮುಗಿದುಹೋದವು. ಗಿರಣಿಯವರ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಗಿರಣಿಯವರಿಗೆ ಉಣಿಸುತ್ತಿದ್ದವರ ಬಗ್ಗೆ ಕಡಿಮೆ. ಗಿರಣಗಾಂವ್ ಎಂಬ ಗಿರಣಿ ಪ್ರದೇಶದ ಚಾಳುಗಳಲ್ಲಿ, ಎಂದರೆ ಕಾರ್ಮಿಕರ ವಠಾರಗಳಲ್ಲಿ, ಹೆಂಗಸರು ಖಾನಾವಳಿ ನಡೆಸುತ್ತಿದ್ದರು. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಎರಡು ಹೊತ್ತಿನ ಊಟ. ಪ್ರೇಮಾ ಪುರವ್ ಅವರು 1975ರಲ್ಲಿ ಅಂಥ ಹೆಂಗಸರನ್ನೇ ಕೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿ, ಬಡ್ಡಿಯವರ ಕೈಯಿಂದ ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. ಗಿರಣಿ ನಿಂತಾಗ ಈ ಒಲೆಗಳಿಗೂ ಉಣ್ಣುವವರಿಲ್ಲವಾದರು. ಆದರೆ ಗಿರಣಿಯ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಎಂದೂ ಇದ್ದಿರಲಿಲ್ಲ. ಹೆಸರಿಲ್ಲದವರಿಗೆ ಪರಿಹಾರದ ಪ್ರಶ್ನೆ ಏಳುವುದಾದರೂ ಹೇಗೆ?

ಪರೇಲಿನ ಆ ಹೊಟೇಲಿನ ಗಲ್ಲಾಪೆಟ್ಟಿಗೆಯೂ ಬರಿದಾಯಿತು. ಎರಡು ವರ್ಷ ಎಳೆದಾಡಿದ ಮಾಲೀಕರು 1984ರಲ್ಲಿ ವಿದ್ಯುತ್ ಗ್ರೈಂಡರ್ ತಂದರು. ಮೂವರಲ್ಲಿ ಇಬ್ಬರು ಊರಿಗೆ ಹೋದರು. ಅಪ್ಪನನ್ನು ಉಳಿಸಿಕೊಂಡರು, ಆದರೆ ರಾತ್ರಿ ಕಾವಲಿಗೆ, ಕಡಿಮೆ ಸಂಬಳಕ್ಕೆ. ಮಾಲೀಕರು ಕೆಟ್ಟವರೇನಲ್ಲ. ನನ್ನ ಶಾಲೆಯ ಪುಸ್ತಕಗಳಿಗೆ ದುಡ್ಡು ಕೊಟ್ಟವರು ಅವರೇ. ಇನ್ನೊಂದು ಸತ್ಯವೂ ಇದೆ. ಮೂವತ್ತೊಂದಕ್ಕೇ ಅಪ್ಪನ ಬಲಭುಜ ಹೋಗಿತ್ತು, ಅಂಗಿ ತೊಡಲು ಅಮ್ಮನ ಸಹಾಯ ಬೇಕಿತ್ತು. ಗ್ರೈಂಡರ್ ಬಾರದೆ ಇದ್ದಿದ್ದರೆ ಆ ಭುಜ ಪೂರ್ತಿ ಹೋಗುತ್ತಿತ್ತು. ಯಂತ್ರ ಅವನ ಮೈಯನ್ನು ಉಳಿಸಿತು, ಅವನ ಕಸುಬನ್ನು ತೆಗೆಯಿತು. ಹಿಟ್ಟಿನ ಹದವನ್ನು ಬೆರಳಿನಿಂದ ಹೇಳಬಲ್ಲ ಮನುಷ್ಯ ಅವನು. ಗ್ರೈಂಡರ್ ನಡೆಸುವುದನ್ನು ಅವನಿಗೇ ಕಲಿಸಿದ್ದರೆ? ಆ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ, ಅಪ್ಪನಿಗೂ ಹೊಳೆಯಲಿಲ್ಲ. ನನಗೆ ಹೊಳೆದದ್ದು ಅವನು ಹೋಗಿ ಎಷ್ಟೋ ವರ್ಷಗಳ ಮೇಲೆ, ಪುಸ್ತಕ ಓದಿ.

ನಾನು ಸಮಾಜಶಾಸ್ತ್ರ ಕಲಿಸುವವನು. ಬದಲಾವಣೆಯ ಹೊರೆ ಕೆಲಸಗಾರನೊಬ್ಬನ ಮೇಲೇ ಬೀಳಬಾರದು ಎಂಬ ಈ ವಿಚಾರಕ್ಕೆ ನಮ್ಮ ಶಾಸ್ತ್ರದವರು ಈಗ 'ನ್ಯಾಯಯುತ ಪರಿವರ್ತನೆ' ಎಂದು ಹೆಸರಿಟ್ಟಿದ್ದಾರೆ. ವಿಚಾರ ಸಂಕಿರಣಗಳಿಗೆ ಹೋದರೆ ದಿನಕ್ಕೆ ನೂರು ಸಲ ಕೇಳಿಬರುತ್ತದೆ, ಕಿವಿ ಜಡ್ಡುಗಟ್ಟುವಷ್ಟು. ಹುಟ್ಟಿದ್ದು ಮಾತ್ರ ಸಂಕಿರಣದಲ್ಲಲ್ಲ. ಅಮೆರಿಕದಲ್ಲಿ ತೈಲ ಮತ್ತು ರಾಸಾಯನಿಕ ಕಾರ್ಮಿಕರ ಸಂಘದ ನಾಯಕ ಟೋನಿ ಮಝೋಕಿ ಎತ್ತಿದ ಪ್ರಶ್ನೆಯಿಂದ. ವಿಷ ಬಿದ್ದ ನೆಲವನ್ನು ತೊಳೆಯಲು ಅಲ್ಲಿನ ಸರ್ಕಾರ 1980ರಲ್ಲಿ ದೊಡ್ಡ ನಿಧಿಯೊಂದನ್ನು ಮಾಡಿತ್ತು. ಮಣ್ಣಿಗೆ ನಿಧಿ ಇರುವುದಾದರೆ, ಆ ಕಾರ್ಖಾನೆ ಮುಚ್ಚಿದಾಗ ಬೀದಿಗೆ ಬೀಳುವ ಕಾರ್ಮಿಕನಿಗೂ ಒಂದು ನಿಧಿ ಏಕಿರಬಾರದು ಎಂಬುದು ಅವನ ವಾದ. ಹವಾಮಾನ ಬದಲಾವಣೆಯ ಕುರಿತ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಈ ಮಾತು ಸೇರಿತು. ಅಲ್ಲಿಂದ ಕಲ್ಲಿದ್ದಲು ಗಣಿಗಳ ಕಡೆಗೆ ಹೋಯಿತು, ಈಗ ಊಟದ ತಟ್ಟೆಯ ಕಡೆಗೂ ಬರುತ್ತಿದೆ. ಬರಲೇಬೇಕು. ಲೋಕದ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೆಯ ಒಂದು ಪಾಲು, ಹೊಲದಿಂದ ಹಿಡಿದು ಎಂಜಲಿನವರೆಗೆ, ಆಹಾರದ ದಾರಿಯಲ್ಲೇ ಹೊರಬೀಳುತ್ತದೆ. ಆದರೆ 2022ರ ಮಾರ್ಚಿನಲ್ಲಿ ನಿಮ್ಮ ಪಾಲಿಕೆ ಹೊರತಂದ ಮುಂಬಯಿ ಹವಾಮಾನ ಕ್ರಿಯಾ ಯೋಜನೆಯಲ್ಲಿ ಶಕ್ತಿ ಮತ್ತು ಕಟ್ಟಡ, ಸಾರಿಗೆ, ಕಸ, ಹಸಿರು, ಗಾಳಿ, ನೆರೆ ಮತ್ತು ನೀರು ಎಂದು ಆರು ವಿಭಾಗಗಳಿವೆ. ಊಟಕ್ಕೆ ಒಂದು ವಿಭಾಗವಿಲ್ಲ. ಬೇಕರಿಗಳನ್ನು ಗಾಳಿಯ ವಿಭಾಗದಲ್ಲಿ ನೋಡಿದರೆ ಅವು ಬರಿಯ ಚಿಮಣಿಗಳಾಗಿ ಕಾಣುತ್ತವೆ. ಊಟದ ವಿಭಾಗವೊಂದು ಇದ್ದಿದ್ದರೆ, ಬಡವನ ಎರಡು ಹೊತ್ತಿನ ಆಹಾರ ಬೇಯುವ ಜಾಗವಾಗಿಯೂ ಕಾಣುತ್ತಿದ್ದವು.

ಸಂಶೋಧಕರನ್ನು ದೂರುವುದಕ್ಕೆ ಮುಂಚೆ ನನ್ನನ್ನೇ ದೂರಿಕೊಳ್ಳುತ್ತೇನೆ. ಗಡುವಿನ ಸುದ್ದಿ ಬಂದಾಗ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಕುರ್ಲಾ ಮತ್ತು ಧಾರಾವಿಯ ಕೆಲವು ಬೇಕರಿಗಳಿಗೆ ಹೋದೆ. ಪ್ರಶ್ನಾವಳಿ ಸಿದ್ಧವಾಗಿತ್ತು. ದಿನಕ್ಕೆ ಎಷ್ಟು ಕಟ್ಟಿಗೆ, ಎಲ್ಲಿಂದ ತರುತ್ತೀರಿ, ಚಿಮಣಿಯ ಎತ್ತರ, ಬದಲಾಯಿಸಲು ಖರ್ಚೆಷ್ಟು. ಮಾಲೀಕರು ಉತ್ತರ ಕೊಟ್ಟರು. ಹೊರಡುವಾಗ ಭಟ್ಟಿಯ ಬಳಿಯಿದ್ದ ಕಾರೀಗರ, ಉತ್ತರಪ್ರದೇಶದವರು, ಐವತ್ತು ದಾಟಿರಬಹುದು, ನಮ್ಮ ಹುಡುಗಿಯೊಬ್ಬಳನ್ನು ತಡೆದು ಕೇಳಿದರು: "ಮಗಳೇ, ಈ ಕಾಗದದಲ್ಲಿ ನಮ್ಮ ಖಾನೆ ಯಾವುದು?" ಇರಲಿಲ್ಲ. ಒಲೆಯ ಬಗ್ಗೆ ಹನ್ನೊಂದು ಪ್ರಶ್ನೆ ಬರೆದಿದ್ದ ನಾನು, ರುಬ್ಬುವವನ ಮಗ, ಒಲೆಯ ಮುಂದಿನವನ ಬಗ್ಗೆ ಒಂದನ್ನೂ ಬರೆದಿರಲಿಲ್ಲ. ಆ ಪ್ರಶ್ನಾವಳಿಯನ್ನು ಅಲ್ಲೇ ಮಡಚಿಟ್ಟೆವು. ಆಮೇಲೆ ನಾಲ್ಕು ರಾತ್ರಿ ಬರಿಗೈಯಲ್ಲಿ ಹೋಗಿ ಕುಳಿತು ನೋಡಿದೆವು.

ನೋಡಿದ್ದನ್ನು ನಿಮಗೆ ಹೇಳಬೇಕು. ಇಟ್ಟಿಗೆಯ ಭಟ್ಟಿಯಲ್ಲಿ ಪಾವು ಬೇಯುವುದು ಬೆಂಕಿಯ ಮೇಲೆ ಅಲ್ಲ. ಬೆಂಕಿ ಮೊದಲು ಇಟ್ಟಿಗೆಯನ್ನು ಕಾಯಿಸುತ್ತದೆ. ಕೆಂಡವನ್ನು ಬದಿಗೆ ಸರಿಸಿ, ಉದ್ದ ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ನೆಲ ಒರೆಸುತ್ತಾರೆ. ಆ ಹಬೆಯ ಚುರುಕನ್ನು ನೋಡಿಯೇ ಕಾರೀಗರ ಕಾವನ್ನು ಅಳೆಯುತ್ತಾನೆ. ಮೊದಲ ಕಾವಿಗೆ ಲಾದಿ ಪಾವು, ಎಂದರೆ ಒಂದಕ್ಕೊಂದು ಅಂಟಿ ಬೇಯುವ ಪಾವುಗಳ ಸಾಲು. ಕಾವು ಸ್ವಲ್ಪ ಇಳಿದ ಮೇಲೆ ಖಾರಿ, ನಾನ್‌ಖಟಾಯಿ. ಕೊನೆಯ ಬೆಚ್ಚಗೆ ಟೋಸ್ಟು ಒಣಗುವುದಕ್ಕೆ. ಒಂದು ಸಲದ ಬೆಂಕಿಯಲ್ಲಿ ಇಡೀ ದಿನದ ಸರಕು ಇಳಿಯುತ್ತದೆ, ಕಾವಿನ ಒಂದು ಎಳೆಯೂ ಪೋಲಾಗದು. ಅನಿಲದ ಒಲೆಗೋ ವಿದ್ಯುತ್ ಒಲೆಗೋ ಬಂದರೆ ಈ ಸರಣಿಯೇ ಬದಲಾಗುತ್ತದೆ. ಟೋಸ್ಟಿಗೆ ಬೇರೆ ಬಿಲ್ಲು, ಖಾರಿಗೆ ಬೇರೆ ಬಿಲ್ಲು. ಹಾಗೆಂದು ಬೇಡ ಎನ್ನುತ್ತಿಲ್ಲ. ಇದು ಒಲೆಯೊಂದನ್ನು ತೆಗೆದು ಇನ್ನೊಂದನ್ನು ಇಡುವ ಕೆಲಸವಲ್ಲ, ಒಂದು ಕಸುಬನ್ನು ಬಿಚ್ಚಿ ಮತ್ತೆ ಜೋಡಿಸುವ ಕೆಲಸ ಎನ್ನುತ್ತಿದ್ದೇನೆ.

ಬಿಚ್ಚುವುದಕ್ಕೂ ಜಾಗ ಬೇಕಲ್ಲ. ಓಣಿಯ ಬೇಕರಿಯಲ್ಲಿ ಭಟ್ಟಿಯೇ ಅರ್ಧ ಮನೆ, ಮೇಲಿನ ಅಟ್ಟದಲ್ಲಿ ಕಾರೀಗರರ ಹಾಸಿಗೆ. ಭಟ್ಟಿ ಒಡೆದು ಹೊಸದು ಕೂರಿಸುವವರೆಗೆ ಕೆಲಸವೂ ಇಲ್ಲ, ಮಲಗಲು ಜಾಗವೂ ಇಲ್ಲ. ಕೊಳವೆ ಅನಿಲ ದೊಡ್ಡ ರಸ್ತೆಯವರೆಗೆ ಬಂದಿದೆ, ಓಣಿಯೊಳಗೆ ಬಂದಿಲ್ಲ. ಸಿಲಿಂಡರ್ ಇಡಬಹುದು, ಆದರೆ ಪರವಾನಗಿಯಿಲ್ಲದೆ 100 ಕಿಲೋ ಮೀರಿ ಎಲ್‌ಪಿಜಿ ಇಟ್ಟುಕೊಳ್ಳುವಂತಿಲ್ಲ. ವಾಣಿಜ್ಯ ಸಿಲಿಂಡರಿನಲ್ಲಿ 19 ಕಿಲೋ ಎಂದರೆ ಐದು ಸಿಲಿಂಡರಿಗೆ ಲೆಕ್ಕ ಮುಗಿಯಿತು. ಅದಕ್ಕೂ ಹೆಚ್ಚನ್ನು ಆ ಇಕ್ಕಟ್ಟಿನಲ್ಲಿ ಇಡಿ ಎಂದು ಅಗ್ನಿಶಾಮಕದವರು ಹೇಳಲಾರರು, ಹೇಳಲೂ ಬಾರದು. ವಿದ್ಯುತ್ ಒಲೆಗೆ ಮೂರು ಫೇಸಿನ ಸಂಪರ್ಕ, ಹೆಚ್ಚಿನ ಲೋಡಿಗೆ ಮಂಜೂರಾತಿ ಬೇಕು. ಮಂಜೂರಾತಿಗೆ ಜಾಗದ ಕಾಗದ ಬೇಕು. ಕಾಗದ ಯಾರ ಬಳಿ ಇದೆ? ಅಜ್ಜನ ಕಾಲದ ಪಗಡಿ ಬಾಡಿಗೆ, ಎಂದರೆ ಒಮ್ಮೆ ಇಡಿಗಂಟು ಕೊಟ್ಟು ಪಡೆದ ಹಳೆಯ ಬಾಡಿಗೆ. ನಮ್ಮ ಓಣಿಯ ಆಸುಪಾಸಿನ ಬೇಕರಿಗಳಲ್ಲಿ ಒಂದು ವಿದ್ಯುತ್ತಿಗೆ ಬದಲಾಯಿತು, ಅದರ ಮಾಲೀಕರ ಮಗ ಓದಿಕೊಂಡವನು, ಬ್ಯಾಂಕಿನಲ್ಲಿ ಸಾಲ ಸಿಕ್ಕಿತು. ಇನ್ನೊಂದು ಬಾಗಿಲು ಹಾಕಿತು. ಈಗ ಅಲ್ಲಿ ಆನ್‌ಲೈನ್ ಸರಕಿನ ಗೋದಾಮು, ಬಾಗಿಲಲ್ಲಿ ಇಡೀ ದಿನ ಪೆಟ್ರೋಲ್ ಬೈಕುಗಳ ಸಾಲು. ಅವುಗಳ ಹೊಗೆಯ ಬಗ್ಗೆ ಸಮಿತಿ ಯೋಚಿಸುತ್ತದೆ, ಇರಲಿ.

ಈಗ ಹೊಟೇಲು ನಡೆಸುವ ನಮ್ಮವರಿಗೆ ಎರಡು ಮಾತು. ಸಂಘದ ಸಭೆಗಳಲ್ಲಿ ಕೇಳಿದ್ದೇನೆ, "ನಾವು ಯಾವಾಗಲೋ ಗ್ಯಾಸಿಗೆ ಬದಲಾದೆವು, ಇವರಿಗೇನು ಕಷ್ಟ?" ಎಂದು. ಸ್ವಾಮಿ, ನಾವು ಬದಲಾದದ್ದು ನಮಗೆ ಬೇಕಾದ ಹೊತ್ತಿಗೆ, ನಮ್ಮ ಲಾಭದ ಲೆಕ್ಕ ಕೂಡಿ ಬಂದಾಗ. ಯಾರೂ ನಮಗೆ ಆರು ತಿಂಗಳ ಚೀಟಿ ಕೊಟ್ಟಿರಲಿಲ್ಲ. ಕೈಗೆ ಸಹಕಾರಿ ಬ್ಯಾಂಕುಗಳಿದ್ದವು, ಸಮಾಜದ ಸಂಘಗಳಿದ್ದವು, ಊರಿನ ಜಮೀನಿತ್ತು. ಆಗಲೂ ನಮ್ಮ ರುಬ್ಬುವವರೂ ನೀರು ಹೊರುವವರೂ ಎಲ್ಲಿಗೆ ಹೋದರು ಎಂದು ನಾವು ಕೇಳಲಿಲ್ಲ. ಪಾವ್‌ಭಾಜಿಯ ದರವನ್ನು ಒಂದೇ ಸಲಕ್ಕೆ ಇಪ್ಪತ್ತು ರೂಪಾಯಿ ಏರಿಸಿ ಹೊಸ ಮೆನು ಕಾರ್ಡು ಅಚ್ಚು ಹಾಕಿಸುವ ನಾವೇ, ಬೆಳಿಗ್ಗೆ ಸೈಕಲ್ಲಿನಲ್ಲಿ ಪಾವು ತರುವವನೊಂದಿಗೆ ಲಾದಿಗೆ ಒಂದು ರೂಪಾಯಿಗಾಗಿ ಕಾದಾಡುತ್ತೇವೆ. ಬೇಕರಿಯವನು ಬದಲಾದ ಖರ್ಚನ್ನು ಪಾವಿಗೆ ಹಾಕಿದರೆ ನಾವು ತಾಳಿಕೊಳ್ಳಬಲ್ಲೆವು. ವಡಾಪಾವ್ ಗಾಡಿಯವನೂ, ಅದನ್ನೇ ಮಧ್ಯಾಹ್ನದ ಊಟವೆಂದು ತಿನ್ನುವ ಹಮಾಲನೂ ತಾಳಿಕೊಳ್ಳುವುದು ಕಷ್ಟ. ಸಿರಿಧಾನ್ಯದ ಕಥೆಯೂ ಹೀಗೇ ಅಲ್ಲವೇ ಆದದ್ದು? 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ರಾಗಿ ದೋಸೆ ನಮ್ಮ ಹೊಟೇಲುಗಳಲ್ಲಿ ಅಕ್ಕಿ ದೋಸೆಗಿಂತ ದುಬಾರಿಯಾಗಿ ಕೂತಿತು. ಬಡವರ ಧಾನ್ಯ ಭೂಮಿಗೆ ಒಳ್ಳೆಯದೆಂದು ಗೊತ್ತಾದ ಕೂಡಲೇ ಬಡವರ ಕೈಗೆ ಎಟುಕದ ಹಾಗಾಯಿತು.

ಆಯುಕ್ತರೇ, ದಾರಿಯಿಲ್ಲ ಎಂದು ಹೇಳಲು ನಾನು ಕೂತಿಲ್ಲ. ಮನೆಯ ಒಲೆಯ ಹೊಗೆ ಬಿಡಿಸಬೇಕೆಂದಾಗ ದೇಶವೇ ಕೈ ಕೊಟ್ಟಿತು. 2016ರಲ್ಲಿ ಶುರುವಾದ ಉಜ್ವಲಾ ಯೋಜನೆಯಲ್ಲಿ ಬಡ ಹೆಣ್ಣುಮಕ್ಕಳ ಹೆಸರಿಗೆ ಸರ್ಕಾರದ ಖರ್ಚಿನಲ್ಲಿ ಅನಿಲ ಸಂಪರ್ಕ ಬಂತು. ಅದರಿಂದ ಕಲಿತ ಪಾಠವೂ ಇದೆ, ಸಂಪರ್ಕ ಕೊಟ್ಟ ಮೇಲೆ ಸಿಲಿಂಡರ್ ತುಂಬಿಸಲು ಹಣವಿಲ್ಲದೆ ಎಷ್ಟೋ ಮನೆಗಳು ಸೌದೆಗೆ ಮರಳಿದವು. ಹಾಗಾಗಿ ಬೇಕರಿಗೆ ಒಲೆ ಕೊಳ್ಳಲು ಸಾಲ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಮೊದಲ ಎರಡು ಮೂರು ವರ್ಷದ ಇಂಧನದ ಬಿಲ್ಲಿನಲ್ಲಿಯೂ ಪಾಲು ಹೊರಬೇಕು. ಹಣ ಎಲ್ಲಿಂದ ಎಂದು ಕೇಳುತ್ತೀರಿ. ಹೊಗೆ ಹೋದರೆ ಲಾಭ ಇಡೀ ಊರಿನ ಶ್ವಾಸಕೋಶಕ್ಕೆ, ಸಿರಿವಂತರ ಮಲಬಾರ್ ಹಿಲ್ಲಿನ ಶ್ವಾಸಕೋಶವೂ ಸೇರಿ. ಖರ್ಚು ಮಾತ್ರ ಕುರ್ಲಾದ ಓಣಿಯ ಬೇಕರಿಗೆ ಏಕೆ?

ಕೆಲಸದವರನ್ನು ಕೇಳಿ ನಿರ್ಧರಿಸುವ ಕ್ರಮಕ್ಕೂ ಹೊಸ ಕಾನೂನು ಬೇಕಿಲ್ಲ, ಮಾದರಿ ಕೈಯಲ್ಲೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಮೊದಲು ಸಮೀಕ್ಷೆ ಮಾಡಿ, ಅಲ್ಲಿಯವರೆಗೆ ಯಾರನ್ನೂ ಎಬ್ಬಿಸಬೇಡಿ ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಜನ ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ. ಆ ಕಾಯಿದೆ ಜಾರಿಯಾದ ಬಗೆಯ ಬಗ್ಗೆ ಇಲ್ಲಿ ಬರೆಯಲು ಹೋದರೆ ಪತ್ರ ಮುಗಿಯದು. ಆದರೂ ಬರೆದಿಟ್ಟ ತತ್ತ್ವ ಸರಿಯಾಗಿದೆ. ಬೇಕರಿಗಳಿಗೂ ಅಂಥದೊಂದು ಸಮಿತಿ ಮಾಡಿ. ಅದರಲ್ಲಿ ಮಾಲೀಕರಷ್ಟೇ ಕಾರೀಗರರೂ ಇರಲಿ. ಯಾವ ಓಣಿಗೆ ಕೊಳವೆ, ಯಾವ ಓಣಿಗೆ ವಿದ್ಯುತ್ತು, ಎಲ್ಲಿ ನಾಲ್ಕು ಬೇಕರಿ ಸೇರಿ ಒಂದೇ ಒಲೆ ಹಂಚಿಕೊಳ್ಳಬಹುದು ಎಂದು ಅವರೇ ಹೇಳುತ್ತಾರೆ. ಕೊಳವೆ ಓಣಿಗೆ ಬಂದ ದಿನದಿಂದ ಗಡುವನ್ನು ಎಣಿಸಿ. ಪ್ಲೈವುಡ್ಡನ್ನೂ ಬಣ್ಣದ ಮರವನ್ನೂ ಇವತ್ತೇ ನಿಲ್ಲಿಸಿ, ಅದಕ್ಕೆ ಯಾವ ಸಮಿತಿಯೂ ಬೇಡ. ಆದರೆ ಭಟ್ಟಿ ಮುಚ್ಚಿದ ತಿಂಗಳುಗಳಿಗೆ ಕಾರೀಗರನ ಕೂಲಿಯನ್ನು ಯಾರು ಕೊಡುತ್ತಾರೆ ಎಂಬುದನ್ನು ನೋಟಿಸಿನಲ್ಲಿಯೇ ಬರೆಯಿರಿ. ಹೊಸ ಒಲೆಯ ಗುಂಡಿಗಳನ್ನು ಒತ್ತುವುದನ್ನು ಮೊದಲು ಅವನಿಗೇ ಕಲಿಸಿ. ಹಬೆ ನೋಡಿ ಕಾವು ಹೇಳುವವನಿಗೆ ಮೀಟರಿನ ಅಂಕಿ ಓದುವುದು ಕಷ್ಟವಾಗದು.

ನ್ಯಾಯಾಲಯಕ್ಕೆ ಮುಂದಿನ ವರದಿ ಸಲ್ಲಿಸುವಾಗ, ಎಷ್ಟು ಭಟ್ಟಿಗಳು ಬದಲಾದವು ಎಂಬ ಅಂಕಿಯ ಪಕ್ಕದಲ್ಲಿ ಎಷ್ಟು ಮುಚ್ಚಿದವು, ಎಷ್ಟು ಜನ ಕೆಲಸ ಕಳೆದುಕೊಂಡರು ಎಂಬ ಎರಡು ಖಾನೆಗಳನ್ನೂ ಸೇರಿಸಿ ಎಂದು ಕೋರುತ್ತೇನೆ. ಅದಕ್ಕೂ ಮೊದಲು ಒಮ್ಮೆ ಬಂದು ನೋಡಿ. ಹಗಲು ಬಂದರೆ ಮಾಲೀಕರು ಮಾತ್ರ ಸಿಗುತ್ತಾರೆ. ರಾತ್ರಿ ಮೂರಕ್ಕೆ ಕುರ್ಲಾ ಸ್ಟೇಶನ್ನಿನ ಪಶ್ಚಿಮದ ಬಾಗಿಲಿಗೆ ಬನ್ನಿ, ನಾನು ಕಾಯುತ್ತಿರುತ್ತೇನೆ. ನಡೆದುಕೊಂಡೇ ಹೋಗಬೇಕು, ಓಣಿಗೆ ಕಾರು ಹೋಗುವುದಿಲ್ಲ. ನಾಲ್ಕಕ್ಕೆ ಮೊದಲ ಲಾದಿ ಇಳಿಯುತ್ತದೆ, ಐದಕ್ಕೆ ಸೈಕಲ್ಲುಗಳು ಹೊರಡುತ್ತವೆ. ಆ ನಡುವಿನ ಒಂದು ಗಂಟೆ ಕಾರೀಗರರಿಗೆ ಕೂತು ಮಾತನಾಡಲು ಬಿಡುವಿರುತ್ತದೆ.

ಇಂತಿ,
ಕುರ್ಲಾದ ಒಬ್ಬ ಕನ್ನಡ ಮೇಷ್ಟ್ರು